ಗೋಡೆ ದಾಟಿದ ಟಿವಿ, ಜಟಕನ ಮುಂದಿನ ಕಾಯಿ

ನಾನು ಹೆದರುಪುಕ್ಕ. ಬೇರೆಯವರ ಬಾಯಿಂದ ನೀವು ಕೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ. ಜನ ಆಸೆಯಿಂದ ಕಳ್ಳರಾಗುತ್ತಾರೆ, ಹಸಿವಿನಿಂದ ಆಗುತ್ತಾರೆ, ಕೆಲವರು ಬರೀ ಅಭ್ಯಾಸಬಲದಿಂದಲೂ ಆಗುತ್ತಾರೆ. ನಾನು ಆದದ್ದು ಹೆದರಿಕೆಯಿಂದ. ಕುಕ್ಕರು ಎರಡನೇ ಸೀಟಿ ಹೊಡೆದು ಮೂರನೆಯದಕ್ಕೆ ತಡಮಾಡಿದರೆ ನಾನು ಅಂಗಳಕ್ಕೆ ಇಳಿದು ನಿಲ್ಲುತ್ತೇನೆ. ಹೊನ್ನಾವರದ ನಮ್ಮ ಕಚೇರಿಯಲ್ಲಿ ಸಾಹೇಬರು ಬೆಲ್ ಒತ್ತಿದರೆ, ಅದು ಚಹಾಕ್ಕೆ ಅಂತ ಗೊತ್ತಿದ್ದರೂ, ಕುರ್ಚಿ ಬಿಟ್ಟು ಏಳುತ್ತೇನೆ. ಬಸ್ಸಿನಲ್ಲಿ ಟಿಕೆಟ್ ಕೈಯಲ್ಲೇ ಇರುತ್ತದೆ, ಆದರೂ ಚೆಕಿಂಗಿನವರು ಹತ್ತಿದರೆ ಮೈ ಬೆವರುತ್ತದೆ. ಅವರೂ ನನ್ನ ಮುಖ ನೋಡಿ ಸೀದಾ ನನ್ನ ಹತ್ತಿರವೇ ಬರುತ್ತಾರೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಲಲಿತೆ ಬೇಸತ್ತು, "ನಿಮಗೆ ಹೆದರಿಕೆ ಆಗದೇ ಇರೂದು ಎಂತದಕ್ಕೆ, ಅದೊಂದು ಹೇಳಿಬಿಡಿ" ಅಂದಿದ್ದಳು. ನಾನು ಎರಡು ದಿನ ಯೋಚಿಸಿ "ಬಾಳೆಹಣ್ಣಿಗೆ" ಅಂದೆ. "ಅದರ ಸಿಪ್ಪೆಗೆ?" ಅಂತ ಕೇಳಿದಳು. ಅಲ್ಲಿಂದೀಚೆಗೆ ನಾನು ಬಾಳೆಹಣ್ಣನ್ನೂ ಕೂತೇ ತಿನ್ನುತ್ತೇನೆ.

ಇವೆಲ್ಲ ಸಣ್ಣ ಹೆದರಿಕೆಗಳು. ನನ್ನ ದೊಡ್ಡ ಹೆದರಿಕೆ "ಇಲ್ಲ" ಅನ್ನುವುದಕ್ಕೆ. ಎದುರಿಗೆ ನಿಂತವರು ಏನಾದರೂ ಕೇಳಿದರೆ, "ಇಲ್ಲ" ಎಂಬ ಎರಡಕ್ಷರ ಗಂಟಲಲ್ಲಿ ಸಿಕ್ಕಿಕೊಂಡು, ಬಾಯಿಂದ "ಆತು, ಆತು" ಅಂತ ಬಂದುಬಿಡುತ್ತದೆ. ಹೀಗೆ "ಆತು" ಅಂದೂ ಅಂದೂ ನಮ್ಮ ಮನೆಯ ಕೊಡೆ, ಏಣಿ, ಇಡ್ಲಿ ಬೇಯಿಸುವ ಅಟ್ಟ ಎಲ್ಲ ನಮ್ಮೂರು ಬಾಡದ ಬೇರೆ ಬೇರೆ ಮನೆಗಳಲ್ಲಿ ಸುಖವಾಗಿವೆ. ವಸ್ತುಗಳಾದರೆ ಹೇಗೋ ನಡೆಯುತ್ತಿತ್ತು. ಒಮ್ಮೆ ಟಿವಿಯ ವಿಷಯದಲ್ಲೂ "ಆತು" ಅಂದೆ ನೋಡಿ, ಅದು ದೇವರ ತನಕ ಹೋಯಿತು.

ನಮ್ಮ ಮನೆಯಲ್ಲಿ ಮೂವರು: ನಾನು, ಲಲಿತೆ, ನನ್ನ ತಾಯಿ. ಆಯಿ ಅಂತ ನಾನೂ ಕರೆಯುತ್ತೇನೆ, ಕೇರಿಯೂ ಕರೆಯುತ್ತದೆ. ಟಿವಿ ಒಂದೇ, ಜಗಲಿಯ ಪಕ್ಕದ ಕೋಣೆಯಲ್ಲಿ. ಆಯಿಯ ಎರಡೂ ಕಣ್ಣಿಗೆ ಪೊರೆ ಬಂದಿದ್ದರಿಂದ ಆಕೆ ಟಿವಿಯಿಂದ ಎರಡೇ ಮೊಳ ದೂರದಲ್ಲಿ ಮಣೆ ಹಾಕಿ ಕೂರುತ್ತಿದ್ದಳು. ಹಿಂದೆ ಕೂತ ನಮಗೆ ಧಾರಾವಾಹಿಯ ಸೊಸೆ, ವಾರ್ತೆ ಓದುವವಳು, ಕ್ರಿಕೆಟ್ ಆಡುವವರು ಎಲ್ಲರೂ ಆಯಿಯ ತುರುಬಿನ ಆಚೆಗೊಮ್ಮೆ ಈಚೆಗೊಮ್ಮೆ ಸುಳಿಯುವುದಷ್ಟೇ ಕಾಣುತ್ತಿತ್ತು. ಒಮ್ಮೆ ಲಲಿತೆಯ ತಮ್ಮ ಮಾದೇವ ಬಂದಾಗ ಇದನ್ನು ನೋಡಿ ಕನಿಕರಪಟ್ಟ. ಅವನ ಮನೆ ಜಾಲಿಯಲ್ಲಿ, ಭಟ್ಕಳದ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಕೈಗೆ ಸಿಕ್ಕಿದ ಯಂತ್ರವನ್ನು ಬಿಚ್ಚದೆ ಬಿಟ್ಟವನಲ್ಲ. ಮುಂದಿನ ಸಲ ಬರುವಾಗ ಸಾಬೂನು ಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಡಬ್ಬಿಯೊಂದನ್ನು ತಂದು, ಕೇಬಲಿನ ಸೆಟ್‌ಟಾಪ್ ಬಾಕ್ಸಿಗೆ ಒಂದು ಬದಿ, ಮನೆಯ ವೈಫೈಗೆ ಇನ್ನೊಂದು ಬದಿ ಸಿಕ್ಕಿಸಿದ. "ನೋಡಿ ಭಾವಾ, ಇನ್ನು ಕೇಬಲಿನಲ್ಲಿ ಬರೂದೆಲ್ಲ ವೈಫೈ ಮೇಲೆ ಹೋಗ್ತದೆ. ಅಕ್ಕ ಅಡುಗೆಮನೆಯಲ್ಲಿ ಮೊಬೈಲಿನಲ್ಲಿ ನೋಡಲಿ, ಆಯಿ ಹಾಸಿಗೆಯಲ್ಲಿ ಟ್ಯಾಬ್ ಇಟ್ಕೊಂಡು ನೋಡಲಿ, ನೀವು ಬೇಕಾದ್ರೆ ಬಾವಿಕಟ್ಟೆಯಲ್ಲಿ ಕೂತು ನೋಡಿ" ಅಂದ. ಡಬ್ಬಿಯ ಮೇಲೆ ಹಸಿರು ದೀಪವೊಂದು ಮಿಟುಕತೊಡಗಿತು. ನಾನು ಕೇಳಿದ ಮೊದಲ ಪ್ರಶ್ನೆ, "ಸುಬ್ರಾಯನಿಗೆ ಗೊತ್ತಾದ್ರೆ?"

ಸುಬ್ರಾಯ ನಮ್ಮ ಕೇರಿಗೆ ಕೇಬಲ್ ಕೊಡುವವನು. ನನ್ನ ಜೊತೆ ನಾಲ್ಕನೇ ಇಯತ್ತೆಯವರೆಗೆ ಒಂದೇ ಬೆಂಚಿನಲ್ಲಿ ಕೂತವನು. ತೆಂಗಿನ ಮರದಿಂದ ಮರಕ್ಕೆ ಲೈನು ಎಳೆದು, ಮಳೆಗಾಲದ ಗಾಳಿಗೆ ಅದು ಹರಿದು ಬಿದ್ದಾಗಲೆಲ್ಲ ಮತ್ತೆ ಹತ್ತಿ ಕಟ್ಟುವವನು. ಮೈಯೆಲ್ಲ ತೆಂಗಿನ ಬೊಡ್ಡೆಯ ಹಾಗೆ ಗಟ್ಟಿ. ಮಾತೂ ಗಟ್ಟಿ. "ಒಂದು ಲೈನು, ಒಂದು ಟಿವಿ" ಅವನ ಕಾಯಿದೆ. ಅದನ್ನು ಮುರಿದವರ ಲೈನನ್ನು ಮರದ ತುದಿಯಿಂದಲೇ ಕತ್ತರಿಸಿ, ಕೆಳಗಿಳಿದು ಬಂದು ಕಾರಣ ಹೇಳುತ್ತಾನೆ. ಮಾದೇವ ನಕ್ಕುಬಿಟ್ಟ. "ಮನೆಯೊಳಗೆ ನಾವು ಎಲ್ಲಿ ಕೂತು ನೋಡಿದ್ರೆ ಅವನಿಗೆಂತ ಭಾವಾ? ಗಾಳಿಯಲ್ಲಿ ಹೋಗೂದು ಯಾರ ಕಣ್ಣಿಗೂ ಕಾಣೂದಿಲ್ಲ" ಅಂದು ಸಂಜೆ ಬಸ್ಸಿಗೆ ಹೋದ. ಕಣ್ಣಿಗೆ ಕಾಣದ್ದಕ್ಕೇ ನಾನು ಹೆಚ್ಚು ಹೆದರುವುದು ಎಂಬುದು ಅವನಿಗೆ ಗೊತ್ತಿರಲಿಲ್ಲ.

ಈ ಡಬ್ಬಿಯ ಸ್ವಭಾವ ತಿಳಿಯಲು ನಮಗೆ ಒಂದು ವಾರ ಬೇಕಾಯಿತು. ಸೆಟ್‌ಟಾಪ್ ಬಾಕ್ಸ್ ಒಂದೇ ಆದ್ದರಿಂದ ಅದು ಒಂದು ಹೊತ್ತಿಗೆ ಕೊಡುವುದು ಒಂದೇ ಚಾನೆಲ್ಲು. ಎಲ್ಲರೂ ಬೇರೆ ಬೇರೆ ಕಡೆ ಕೂತು ನೋಡಬಹುದು, ಆದರೆ ನೋಡಬೇಕಾದ್ದು ಒಂದನ್ನೇ. ಮೇಲಾಗಿ ಮಾದೇವ ಎಲ್ಲರ ಮೊಬೈಲಿನಲ್ಲೂ ಒಂದೊಂದು ರಿಮೋಟು ಹಾಕಿಕೊಟ್ಟಿದ್ದ. ಮೊದಲು ಒಂದು ರಿಮೋಟಿಗೆ ಮೂವರ ಜಗಳ, ಈಗ ಮೂರು ರಿಮೋಟು ಸೇರಿ ಒಂದು ಬಾಕ್ಸನ್ನು ಜಗ್ಗತೊಡಗಿದವು. ನಾನು ಹವಾಮಾನ ನೋಡುತ್ತಿದ್ದರೆ ನಡುವೆಯೇ ಯಾರೋ ಒಗ್ಗರಣೆ ಹಾಕುತ್ತಿದ್ದರು. ಲಲಿತೆಯ ಧಾರಾವಾಹಿಯ ನಾಯಕಿ ವಿಷದ ಲೋಟ ಎತ್ತಿದ್ದೇ ತಡ, ಆಯಿಯ ಬೆರಳು ತಾಗಿ ಅಷ್ಟೋತ್ತರ ಶುರುವಾಗುತ್ತಿತ್ತು. ಹಾಗಿದ್ದರೂ ತಾಪತ್ರಯ ಮನೆಯೊಳಗೇ ಇತ್ತು. ಅದು ಗೋಡೆ ದಾಟಿದ್ದು ನಾಗಪ್ಪ ಮಾಸ್ತರರಿಂದ.

ಮಾಸ್ತರರು ನಮ್ಮ ಬಲಬದಿಯ ಮನೆಯವರು. ನನಗೆ ಮಗ್ಗಿ ಕಲಿಸಿದವರು. ಕಲಿಸುವಾಗ ಬಳಸಿದ ಕೋಲು ಈಗಲೂ ಅವರ ಮನೆಯಲ್ಲಿ ದನ ಅಟ್ಟಲು ಇದೆ. ಒಂದು ದಿನ ಕಂಪೌಂಡಿನ ಮೇಲಿಂದ ಬಗ್ಗಿ, "ತಮಾ, ನಿನ್ನ ಅಡುಗೆಮನೆಯಲ್ಲೂ ಟಿವಿ, ಕೋಣೆಯಲ್ಲೂ ಟಿವಿ ಕೇಳ್ತದಲ್ಲ, ಎಂತ ಉಪಾಯ?" ಅಂದರು. ಅವರು ಪ್ರಶ್ನೆ ಕೇಳಿದರೆ ನನಗೆ ಇವತ್ತಿಗೂ ಕೈ ತಾನಾಗಿ ಹಿಂದಕ್ಕೆ ಹೋಗುತ್ತದೆ. ಎಲ್ಲ ಹೇಳಿದೆ. "ನಿನ್ನ ವೈಫೈ ನಮ್ಮ ಜಗಲಿಯವರೆಗೂ ಬತ್ತದೆ. ಪಾಸ್‌ವರ್ಡ್ ಹೇಳು" ಅಂದರು. ನಾನು ನಿಂತಲ್ಲೇ, ಮಗ್ಗಿ ಒಪ್ಪಿಸಿದ ಹಾಗೆ, ತಪ್ಪಿಲ್ಲದೆ ಹೇಳಿದೆ. ಎರಡು ದಿನಕ್ಕೆ ಎಡಬದಿಯ ದೇವಕ್ಕ ಬಂದಳು. ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸು. ಅವಳ ಗಂಡ ಬೋಟಿನ ಮೇಲೆ ಹೋದರೆ ವಾರಗಟ್ಟಲೆ ಬರುವುದಿಲ್ಲ. "ಅಣ್ಣಾ, ಮಾಸ್ತರಿಗೆ ಕೊಟ್ರಂತೆ, ನಾನೆಂತ ಪಾಪ ಮಾಡಿದ್ದೆ? ಬೋಟಿನವರು ಸಮುದ್ರದ ಮೇಲಿರೂವಾಗ ಗಾಳಿ-ಮಳೆ ಸುದ್ದಿ ನೋಡೂದು ಬೇಡ್ವಾ?" ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ಆತು ಅಂದೆ, ರಿಮೋಟನ್ನೂ ಅವಳ ಮೊಬೈಲಿಗೆ ಹಾಕಿಕೊಟ್ಟೆ. ಆಮೇಲೆ ಅವಳು ಗಾಳಿ-ಮಳೆಯ ಸುದ್ದಿ ನೋಡಿದ್ದನ್ನು ನಾನಂತೂ ಕಾಣಲಿಲ್ಲ. ಸಂಜೆ ಆರಾಯಿತೆಂದರೆ ನಮ್ಮ ಟಿವಿ ತಾನಾಗಿ ಅತ್ತೆ-ಸೊಸೆ ಜಗಳಕ್ಕೆ ಹೊರಳುತ್ತಿತ್ತು. ಲಲಿತೆ ನನ್ನನ್ನು ಅಂಗಳಕ್ಕೆ ಕರೆದು, "ಇದು ಸರಿಯಲ್ಲ. ಸುಬ್ರಾಯ ಹೊಟ್ಟೆಪಾಡಿಗೆ ಮರ ಹತ್ತುವವ. ನಿಲ್ಲಿಸಿ" ಅಂದಳು. ನಿಲ್ಲಿಸುವುದೆಂದರೆ ಮಾಸ್ತರರ ಎದುರು ನಿಂತು "ಇಲ್ಲ" ಅನ್ನಬೇಕು. ನಾಳೆ ಹೇಳುತ್ತೇನೆ ಅಂದೆ. ಆ ನಾಳೆ ಬರುವುದರೊಳಗೆ ಎರಡೂ ಮನೆಯವರು ಸುಬ್ರಾಯನಿಗೆ "ನಮಗಿನ್ನು ಕೇಬಲ್ ಬೇಡ" ಅಂದುಬಿಟ್ಟಿದ್ದರು.

ಅಂದಿನಿಂದ ನಮ್ಮ ಮನೆ ನಮ್ಮದಾಗಿ ಉಳಿಯಲಿಲ್ಲ. ಟಿವಿ ಆರಿಸಿದರೆ ಎರಡು ಕಡೆಯಿಂದ ಫೋನು. ಕತಗಾಲದಲ್ಲಿ ಲಲಿತೆಯ ಚಿಕ್ಕಮ್ಮನ ಮಗಳ ಮದುವೆಗೆ ಹೊರಟಾಗ ಮಾಸ್ತರರು ಗೇಟಿನ ಹತ್ತಿರ ನಿಂತು, "ಬಾಗಿಲು ಹಾಕ್ಕೊಂಡು ಹೋಗು, ಬಾಕ್ಸು ಆರಿಸಬೇಡ" ಅಂತ ಅಪ್ಪಣೆ ಕೊಟ್ಟರು. ಬೀಗ ಹಾಕಿದ ಮನೆಯೊಳಗೆ ಟಿವಿ ಒಂದೇ ಮಾತಾಡುತ್ತಿತ್ತು. ಮದುವೆ ಊಟದಲ್ಲಿ ಹೋಳಿಗೆಯ ಮೇಲೆ ತುಪ್ಪ ಬಡಿಸುವಾಗಲೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಈಗ ಸುಬ್ರಾಯ ನಮ್ಮ ಮನೆ ಮುಂದೆ ಹಾದು, ಬೀಗವನ್ನೂ ನೋಡಿ ಸದ್ದನ್ನೂ ಕೇಳಿದರೆ ಏನು ಗತಿ? ಎರಡನೇ ಹೋಳಿಗೆಗೆ ಬೇಡ ಅಂದೆ. ಅಷ್ಟು ಹೆದರಿದ್ದೆ.

ಅವನು ಬಂದದ್ದು ಬೀಗವಿಲ್ಲದ ದಿನ, ಭಾನುವಾರ, ಕ್ರಿಕೆಟ್ ನಡೆಯುತ್ತಿರುವಾಗ. "ಸ್ಕೋರ್ ಎಷ್ಟಾತು ಮಾರಾಯಾ?" ಅಂತ ಜಗಲಿ ಮೇಲೆ ಕೂತೇಬಿಟ್ಟ. ಆಯಿ ಅವನಿಗೆ ಕೋಕಂ ಪಾನಕ ಕೊಟ್ಟಳು. ನಾನು ಡಬ್ಬಿಯ ಹಸಿರು ದೀಪದ ಮೇಲೆ ಟವೆಲ್ ಹಾಕಿ ಬಂದು ಕೂತೆ. ಆಗ ನಮ್ಮವರೊಬ್ಬರು ಸಿಕ್ಸರ್ ಹೊಡೆದರು. ನಾನು, ಸುಬ್ರಾಯ ಇಬ್ಬರೂ "ಹೋಯ್!" ಅಂತ ಕೂಗಿದೆವು. ಸುಬ್ರಾಯ ಪಾನಕದ ಲೋಟ ಎತ್ತಿ ಎರಡು ಗುಟುಕು ಕುಡಿದು ಕೆಳಗಿಟ್ಟ. ಆಗ ಬಲಗಡೆಯಿಂದ ಮಾಸ್ತರರು, ಎಡಗಡೆಯಿಂದ ದೇವಕ್ಕ, ಒಟ್ಟಿಗೇ "ಹೋಯ್!" ಅಂದರು. ಗಾಳಿಯ ಮೇಲೆ ಹೋಗುವ ಟಿವಿ ತಂತಿಯ ಟಿವಿಗಿಂತ ಒಂದಿಷ್ಟು ಹಿಂದೆ ಇರುತ್ತದೆ ಎಂಬುದನ್ನು ಮಾದೇವ ನನಗೆ ಹೇಳಿರಲಿಲ್ಲ. ನಮ್ಮಲ್ಲಿ ಚೆಂಡು ಗೆರೆ ದಾಟಿ ಪ್ರೇಕ್ಷಕರ ಕೈಗೆ ಸಿಕ್ಕಾಗಿರುತ್ತದೆ, ಪಕ್ಕದ ಮನೆಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ. ಮುಂದೆ ಒಂದು ವಿಕೆಟ್ ಬಿತ್ತು. ಸುಬ್ರಾಯ "ಅಯ್ಯೋ!" ಅಂದ. ನಾನು ಬಾಯಿ ಬಿಗಿಹಿಡಿದು ಮನಸ್ಸಿನಲ್ಲೇ ಎಣಿಸಿದೆ. ಹದಿನಾಲ್ಕಕ್ಕೆ ಎರಡೂ ಕಡೆಯಿಂದ "ಅಯ್ಯೋ!" ಬಂತು. ಸುಬ್ರಾಯ ತಲೆಯೆತ್ತಿ, "ಇವರಿಬ್ಬರೂ ಎಂತ ತಡವಾಗಿ ಕೂಗ್ತಾರೆ?" ಅಂದ. "ಮಾಸ್ತರರಿಗೆ ವಯಸ್ಸಾತಲ್ಲ" ಅಂದೆ. "ದೇವಕ್ಕಗೆ?" ಅಂದ. ನಾನು ನೀರು ಕುಡಿಯಲು ಎದ್ದು ಒಳಗೆ ಹೋದೆ.

ಪುಣ್ಯಕ್ಕೆ ಅವನ ತಲೆ ಬೇರೆ ಕಡೆ ಓಡಿತು. ಡಿಶ್ ಹಾಕಿಸಿದವರ ಟಿವಿಯೂ ಸ್ವಲ್ಪ ಹಿಂದೆ ಇರುತ್ತದೆ ಎಂಬುದು ಅವನಿಗೆ ಗೊತ್ತು. "ಓಹೋ, ಡಿಶ್ ತಂದ್ರು! ಹೇಳದೇ ಕೇಳದೇ!" ಅಂತ ಎದ್ದು, ಎರಡೂ ಮನೆಯ ಸುತ್ತ ತಿರುಗಿ ಹಂಚಿನ ಮೇಲೆ, ಶೌಚಾಲಯದ ಮೇಲೆ, ದನದ ಕೊಟ್ಟಿಗೆಯ ಹಿಂದೆ ಎಲ್ಲ ಹುಡುಕಿದ. ಡಿಶ್ ಇದ್ದರಲ್ಲವೇ ಸಿಗುವುದು? ವಾಪಸ್ಸು ಬರುವಾಗ ಅವನ ಮುಖ ಕಪ್ಪಿಟ್ಟಿತ್ತು. "ಡಿಶ್ ಇಲ್ಲ. ಲೈನು ನಾನೇ ಕತ್ತರಿಸಿದ್ದೆ. ಟಿವಿ ಮಾತ್ರ ನಡೀತಾ ಅದೆ. ಹಾಗಾದ್ರೆ ಯಾರೋ ನನ್ನ ಲೈನಿಗೆ ಕನ್ನ ಹಾಕಿ ಕೊಡ್ತಾ ಇದ್ದಾರೆ" ಅಂದ. ಹಾಗೆ ಅನ್ನುವಾಗ ಅವನ ದನಿ ಸಣ್ಣಗಾಗಿತ್ತು. "ಹೀಗೆ ಒಬ್ಬೊಬ್ಬರೇ ಬಿಟ್ರೆ ಕುಮಟೆಯ ಕೇಬಲ್ ಆಫೀಸಿನವರು ಈ ಕೇರಿಯ ಲೈನೇ ಬಂದ್ ಮಾಡ್ತೇವೆ ಅಂದಿದ್ದಾರೆ ಆಯಿ. ಮತ್ತೆ ನಾ ಯಾವ ಮರ ಹತ್ತಲಿ?" ನಾನು ಅವನ ಮುಖ ನೋಡಲಿಲ್ಲ. ನೋಡಿದ್ದರೆ ಆಗಲೇ ಹೇಳಿಬಿಡುತ್ತಿದ್ದೆನೇನೋ. ಆದರೆ ಮಾಸ್ತರರ ಕೋಲು, ಸುಬ್ರಾಯನ ತೋಳು, ಎರಡನ್ನೂ ಒಟ್ಟಿಗೆ ನೆನೆದು ನೆಲ ನೋಡುತ್ತ ಕೂತೆ.

ಮರುದಿನ ನಾನು ಹೊನ್ನಾವರದಿಂದ ಬರುವಷ್ಟರಲ್ಲಿ ಮನೆಯಲ್ಲಿ ಒಂದು ದೊಡ್ಡ ಕೆಲಸ ನಡೆದುಹೋಗಿತ್ತು. ನಮ್ಮ ಕೇರಿಯ ತುದಿಯಲ್ಲಿ, ಹಳೇ ಹೊನ್ನೆ ಮರದ ಬುಡದಲ್ಲಿ ಕೇರಿ ಕಾಯುವ ದೈವ ಜಟಕ ಇದ್ದಾನೆ. ಗುಡಿಯಿಲ್ಲ, ಒಂದು ಕಲ್ಲು, ಮುಂದೆ ದೀಪ. ದನ ಕಳೆದರೆ, ಬಲೆ ಕದ್ದುಹೋದರೆ, ಗಡಿಕಲ್ಲು ಯಾರಾದರೂ ಸರಿಸಿದರೆ ಕೇರಿಯವರು ಪೊಲೀಸರ ಹತ್ತಿರ ಹೋಗುವ ಮೊದಲು ಅವನ ಮುಂದೆ ಒಂದು ಕಾಯಿ ಇಟ್ಟು ದೂರು ಹೇಳುತ್ತಾರೆ. ಆ ಕಾಯಿ ಅಲ್ಲಿ ಇರುವವರೆಗೆ ತಪ್ಪು ಮಾಡಿದವನಿಗೆ ನಿದ್ದೆಯಿಲ್ಲ. ಅವನು ಬಂದು ಒಪ್ಪಿಕೊಂಡು, ಕಾಯಿ ಇಟ್ಟವರಿಂದಲೇ ಅದನ್ನು ಎತ್ತಿಸಬೇಕು. ಸುಬ್ರಾಯ ಕಾಯಿ ಇಡಬೇಕೆಂದು ಹೊರಟಿದ್ದನಂತೆ. ಆದರೆ ಅವನ ತಮ್ಮನ ಹೆಂಡತಿ ಹೆತ್ತು ಆರೇ ದಿನ, ಮನೆಗೆಲ್ಲ ಮೈಲಿಗೆ. ಜಟಕನ ಹತ್ತಿರ ಹೋಗುವ ಹಾಗಿಲ್ಲ. ಜಗಲಿಯಲ್ಲಿ ಕೂತು ಹನಿಗಣ್ಣಾದನಂತೆ. ಆಗ ನನ್ನ ಆಯಿ, "ಅದಕ್ಕೆಂತ ಅಳೂದು? ನೀ ಹೇಳೂ ಮಾತು ಹೇಳು, ನಾ ಇಟ್ಟು ಬತ್ತೆ" ಅಂದು, ನಮ್ಮ ಬಾವಿಕಟ್ಟೆಯ ಮರದ ಕಾಯಿಯಲ್ಲೇ ಒಳ್ಳೆಯದೊಂದು ಆರಿಸಿ, ಲಲಿತೆ ಪೇಟೆಗೆ ಹೋದ ಹೊತ್ತಿಗೆ ಕೋಲೂರಿಕೊಂಡು ಹೋಗಿ ಇಟ್ಟು ಬಂದಿದ್ದಳು.

"ಎಂತ ಹೇಳಿ ಇಟ್ಟೆ ಆಯಿ?" ಅಂದೆ. ಚಪ್ಪಲಿ ಇನ್ನೂ ಕಾಲಲ್ಲಿತ್ತು.

"ಸುಬ್ರಾಯ ಹೇಳಿದ್ದೇ ಹೇಳ್ದೆ. ಕದ್ದು ಕೊಟ್ಟವನ ಮನೆ ಕಣ್ಣಿಗೆ, ಕದ್ದು ನೋಡಿದ ಕಣ್ಣಿಗೆ ಕತ್ತಲೆ ತೋರಿಸು ಅಂತ. ಪಾಪ, ಮರ ಹತ್ತಿ ಬದುಕುವವನ ಅನ್ನ ಕದಿಯೂದಂದ್ರೆ ಎಂತದು? ಆಗ್ಲಿ ಅವನಿಗೆ" ಅಂದು, ಟ್ಯಾಬನ್ನು ಮೂಗಿನ ಹತ್ತಿರ ಹಿಡಿದು ಸಂಜೆಯ ಧಾರಾವಾಹಿ ಹಚ್ಚಿದಳು. ಲಲಿತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಜಗಲಿಯ ಕಂಬ ಹಿಡಿದು ಕೂತೆ. ಕದ್ದು ಕೊಟ್ಟವನ ಮನೆ ಕಣ್ಣು ಅಂದರೆ ಯಾರದು? ನನ್ನದು, ಲಲಿತೆಯದು, ಆಯಿಯದು. ಒಂದು ಲೈನು ಒಂದು ಟಿವಿ ಎಂಬ ಕಾಯಿದೆ ಹಿಡಿದರೆ, ಟ್ಯಾಬಿನಲ್ಲಿ ನೋಡುವ ಆಯಿಯದು ಕದ್ದು ನೋಡುವ ಕಣ್ಣೂ ಹೌದು. ಎರಡು ಕಲಮಿನಲ್ಲೂ ಸಿಕ್ಕಿಬೀಳುವವರಲ್ಲಿ ಪೊರೆ ಬಂದ ಕಣ್ಣು ಅವಳದೊಂದೇ. ಅವಳ ಕಣ್ಣಿನ ಆಪರೇಷನ್ನಿಗೆ ಹೊನ್ನಾವರದ ಆಸ್ಪತ್ರೆಯಲ್ಲಿ ದಿನ ನಿಗದಿಯಾಗಿತ್ತು. ಉಳಿದದ್ದು ಹದಿನೈದು ದಿನ.

ಆ ಹದಿನೈದು ದಿನ ನಾನು ಹೇಗೆ ಬದುಕಿದೆನೋ ನನಗೇ ಗೊತ್ತು. ಮೂರನೇ ದಿನ ಮಾಸ್ತರರು ಕಪ್ಪು ಕನ್ನಡಕ ಹಾಕಿಕೊಂಡು ಕಂಪೌಂಡಿನ ಹತ್ತಿರ ಬಂದರು. "ಕಣ್ಣು ಕೆಂಪಾಗ್ಯದೆ ತಮಾ, ನೀರು ಸುರೀತದೆ" ಅಂದರು. ನಾನು ಒಳಗೆ ಓಡಿ ಲಲಿತೆಗೆ ಹೇಳಿದೆ. ಊರಲ್ಲೆಲ್ಲ ಕೆಂಗಣ್ಣು ಬಂದಿದೆ, ಶಾಲೆಯ ಮಕ್ಕಳಿಗೆಲ್ಲ ಇದೆ ಅಂತ ಲಲಿತೆ ಸಮಾಧಾನ ಹೇಳಿದಳು. ಆರನೇ ದಿನ ದೇವಕ್ಕ ಒಂದು ಕಣ್ಣು ಮುಚ್ಚಿಕೊಂಡು ಬಂದು ನೀರು ಕೇಳಿದಳು. ಮಸಾಲೆ ಅರೆದ ಕೈಯಲ್ಲಿ ಉಜ್ಜಿಕೊಂಡಿದ್ದಳಂತೆ. ಮಸಾಲೆಯಂತೆ! ಇಪ್ಪತ್ತು ವರ್ಷದಿಂದ ಮಸಾಲೆ ಅರೆಯುವವಳಿಗೆ ಈ ವಾರವೇ ಕೈ ಕಣ್ಣಿಗೆ ಹೋಗಬೇಕೇ? ನಾನು ಕಚೇರಿಯಲ್ಲಿ ಗೋಡೆಯ ಕ್ಯಾಲೆಂಡರನ್ನು ದಿನಕ್ಕೆ ಹತ್ತು ಸಲ, ಒಂದೊಂದೇ ಕಣ್ಣು ಮುಚ್ಚಿ ಓದುತ್ತಿದ್ದೆ. ಸಾಹೇಬರು ನೋಡಿ, ತಮಗೆ ಕಣ್ಣು ಹೊಡೆಯುತ್ತಿದ್ದೇನೆ ಅಂದುಕೊಂಡು, ಬಾಗಿಲು ಮುಂದೆ ಮಾಡಿಕೊಂಡರು. ಒಂದು ಸಂಜೆ ಧೈರ್ಯ ಮಾಡಿ ಡಬ್ಬಿಯ ವಯರು ಕಿತ್ತೆ. ಐದು ನಿಮಿಷದಲ್ಲಿ ಮಾಸ್ತರರು ಕಪ್ಪು ಕನ್ನಡಕದಲ್ಲೇ ಬಂದು ನಿಂತು, "ಎಂತ ಆತಾ?" ಅಂದರು. "ಸಡಿಲ ಆಗಿತ್ತು" ಅಂದು ಮತ್ತೆ ಸಿಕ್ಕಿಸಿದೆ. ದೇವರಿಗಿಂತ ಮಾಸ್ತರರು ಹತ್ತಿರದಲ್ಲಿದ್ದರು, ಅದೇ ತೊಂದರೆ.

ಆದರೆ ಆಯಿಯ ವಿಷಯ ಹಾಗಲ್ಲ. ಆಪರೇಷನ್ನಿಗೆ ಇನ್ನು ಒಂದೇ ದಿನ ಉಳಿದಾಗ, ಮುಂಜಾನೆ ಅವಳು ಹೂವು ಕೊಯ್ಯಲು ಹೋದವಳು ದಾಸವಾಳವೆಂದು ನನ್ನ ಒಣಹಾಕಿದ ಕೆಂಪು ಕರವಸ್ತ್ರಕ್ಕೆ ಕೈ ಹಾಕಿ ಎಳೆದಳು. ಎಳೆದು, ತನಗೆ ತಾನೇ ನಕ್ಕು, "ನಾಳೆ ಕಳೀಲಿ, ಎಲ್ಲ ಸಮಾ ಕಾಣ್ತದೆ" ಅಂದಳು. ಈ ಕಣ್ಣಿಗೆ ಏನಾದರೂ ಆದರೆ ಅದು ಯಾರ ತಪ್ಪಿನಿಂದ? ಒಂದು "ಇಲ್ಲ" ಅನ್ನಲು ಹೆದರಿ ಆಯಿಯ ಕಣ್ಣನ್ನು ಪಣಕ್ಕಿಟ್ಟೆನಲ್ಲ! ಕಚೇರಿಗೆ ರಜೆ ಹೇಳಿ, ಅಂಗಿ ಹಾಕಿಕೊಂಡು, ಸುಬ್ರಾಯನನ್ನು ಹುಡುಕಿಕೊಂಡು ಹೊರಟೆ.

ಅವನು ಸಮುದ್ರದ ಕಡೆಯ ತೋಟದಲ್ಲಿ ತೆಂಗಿನ ಮರದ ಅರ್ಧದಲ್ಲಿದ್ದ. ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು ಅನ್ನಿಸಿತು. ಮೇಲಿರುವವನು ಸಿಟ್ಟು ಬಂದರೂ ಇಳಿಯುವಷ್ಟರಲ್ಲಿ ನಾನು ರಸ್ತೆ ಮುಟ್ಟಬಹುದು. ಮರದಿಂದ ಹತ್ತು ಮಾರು ದೂರ ನಿಂತು, ಓಡುವ ದಿಕ್ಕಿಗೆ ಕಾಲು ತಿರುಗಿಸಿಕೊಂಡು, ಎಲ್ಲ ಹೇಳಿದೆ. ಡಬ್ಬಿ, ಪಾಸ್‌ವರ್ಡ್, ಮಾಸ್ತರರು, ದೇವಕ್ಕ, ಟವೆಲ್, ಎಲ್ಲ. ಗಾಳಿಗೆ ಕೇಳಿಸದೆ ಅರ್ಧ ಮಾತನ್ನು ಎರಡು ಸಲ ಕೂಗಿ ಹೇಳಬೇಕಾಯಿತು. ತೋಟದ ಆಚೆ ಬಲೆ ನೇಯುತ್ತಿದ್ದ ನಾಲ್ಕು ಜನರೂ ಕೈ ನಿಲ್ಲಿಸಿ ಕೇಳಿದರು. ಮರದ ಮೇಲಿಂದಲೇ ಸುಬ್ರಾಯ, "ಅಲ್ಲೇ ನಿಲ್ಲು" ಅಂದ. ಓಡಬೇಕೆಂದು ಲೆಕ್ಕ ಹಾಕಿ ಬಂದವನು, ಅವನು ನಿಲ್ಲು ಅಂದ ಕೂಡಲೇ ಬಾಯಿಂದ "ಆತು" ಅಂದು ನಿಂತೆ. ಅವನು ಸರಸರ ಇಳಿದು ಬಂದ. ಎದೆಯೆಲ್ಲ ಗೀರು, ಕಣ್ಣು ದೊಡ್ಡದಾಗಿತ್ತು. ಕೈ ಎತ್ತಿದ. ನಾನು ಕಣ್ಣು ಮುಚ್ಚಿದೆ. ಆ ಕೈ ನನ್ನ ರಟ್ಟೆ ಹಿಡಿಯಿತು.

"ನಾಳೆ ಅಲ್ವನಾ ಆಯಿ ಕಣ್ಣಿನ ಆಪರೇಷನ್ನು?" ಅಂದ. "ನಾ ಎಂತೆಲ್ಲ ಹೇಳಿಸಿದ್ದೆ ಮಾರಾಯಾ ಆಯಿ ಬಾಯಿಂದ! ನಿನ್ನ ಆಮೇಲೆ ನೋಡ್ಕಳ್ತೆ. ಮೊದ್ಲು ಕಾಯಿ ಎತ್ತಿಸೂವಾ, ನಡಿ, ನಡಿ!" ನನಗಿಂತ ಅವನೇ ಹೆಚ್ಚು ಹೆದರಿದ್ದ. ನನ್ನ ಜೀವಮಾನದಲ್ಲಿ ಇಂಥ ಜೊತೆ ಸಿಕ್ಕಿರಲಿಲ್ಲ. ಇಬ್ಬರೂ ಓಡಿದೆವು. ಅವನ ಮನೆಯ ಮೈಲಿಗೆ ಕಳೆದಿತ್ತು, ಅದೊಂದು ಪುಣ್ಯ. ಜಟಕನಿಗೆ ದೀಪ ಹಚ್ಚುವ ಮುದುಕ ಗುನಗ ಅಡಿಕೆ ಕತ್ತರಿಸುತ್ತ ಕೂತಿದ್ದ. ನಮ್ಮ ಕಥೆಯನ್ನು ಅವಸರವಿಲ್ಲದೆ ಕೇಳಿ, "ದೂರು ಸುಬ್ರಾಯಂದು, ತಪ್ಪು ನಿಂದು, ಅದೆಲ್ಲ ಸಮಾ. ಆದ್ರೆ ಕಾಯಿ ಇಟ್ಟವಳು ಆಯಿ. ಅವಳು ಬಂದು ಎತ್ತಬೇಕು. ಬೇರೆಯವರು ಮುಟ್ಟೂ ಹಾಂಗಿಲ್ಲ" ಅಂದ. ಸುಬ್ರಾಯ ನನ್ನನ್ನು ನೋಡಿದ. ನಾನು ಕಲ್ಲಿನ ಮುಂದೆ ಇದ್ದ ನಮ್ಮ ಮರದ ಕಾಯಿಯನ್ನು ನೋಡಿದೆ. ಸಾಹೇಬರು, ಮಾಸ್ತರರು, ಜಟಕ ಎಲ್ಲರ ಹೆದರಿಕೆಯನ್ನು ಒಂದು ತಟ್ಟೆಗೆ ಹಾಕಿದರೂ, ಆಯಿಗೆ ಹೇಳಬೇಕು ಎಂಬ ಈ ಹೆದರಿಕೆಯ ತೂಕ ಬರುವ ಹಾಗಿರಲಿಲ್ಲ.

ಆಯಿ ಜಗಲಿಯಲ್ಲಿ ಕೂತು ಆಸ್ಪತ್ರೆಗೆ ಒಯ್ಯುವ ಸೀರೆ ಮಡಚುತ್ತಿದ್ದಳು. ಸುಬ್ರಾಯ ನನ್ನನ್ನು ಮುಂದೆ ನೂಕಿ, ತಾನು ಮೆಟ್ಟಿಲ ಮೇಲೆ ನಿಂತ. ನಾನು ನೆಲಕ್ಕೆ ಕೂತು, ತಲೆ ತಗ್ಗಿಸಿ ಹೇಳಿದೆ. ಮರದ ಕೆಳಗೆ ಕೂಗಿ ಹೇಳಿದ್ದನ್ನೇ ಇಲ್ಲಿ ಪಿಸುಮಾತಿನಲ್ಲಿ ಹೇಳಿದೆ, ಕೊನೆಗೆ ಅತ್ತೇಬಿಟ್ಟೆ. "ಕದ್ದು ಕೊಟ್ಟವ ನಾನೇ ಆಯಿ. ನಿನ್ನ ಕಣ್ಣಿಗೆ ಏನಾದ್ರೂ ಆದ್ರೆ ನಾ ಹೇಗೆ ಬದುಕಲಿ? ಈಗಲೇ ಬಂದು ಕಾಯಿ ಎತ್ತು" ಅಂದೆ. ಆಯಿ ಸೀರೆಯ ಮಡಿಕೆ ತಪ್ಪಿದ್ದನ್ನು ಬಿಡಿಸಿ ಮತ್ತೆ ಮಡಚಿದಳು. ಆಮೇಲೆ, "ಎತ್ತೂವಾ. ಅದಕ್ಕೆಂತ ಇಷ್ಟು ಹೆದರೂದು? ನನ್ನ ಕಣ್ಣಿಗೆ ಎಂತದೂ ಆಗೂದಿಲ್ಲ. ಸುಬ್ರಾಯನ ಮಾತು ಪೂರ್ತಿ ಹೇಳಿದ್ದೆ, ಹೇಳಿಲ್ಲ ಅಂತಿಲ್ಲ. ಕೊನೆಗೆ ನಂದೊಂದು ಮಾತು ಸೇರಿಸಿದ್ದೆ. ಅದು ನಮ್ಮನೆಯವ್ನೇ ಆಗಿದ್ರೆ ಈ ಸಲಕ್ಕೆ ಬಿಟ್ಟುಬಿಡು, ಬುದ್ಧಿ ಕೊಡು ಅಂತ" ಅಂದಳು.

"ಅಯ್ಯೋ ಆಯಿ!" ಅಂತ ಮೆಟ್ಟಿಲ ಮೇಲಿಂದ ಸುಬ್ರಾಯ ಕೂಗಿದ. "ಮತ್ತೆ ನನ್ನ ಕಾಯಿಯಿಂದ ಎಂತ ಉಪಯೋಗ ಆತು?"

"ಆತಲ್ಲ, ಬಂದು ಹೇಳ್ದ ನೋಡು" ಅಂದಳು ಆಯಿ.

ನನಗೆ ಒಮ್ಮೆಲೇ ಉಸಿರು ಬಂತು. ಹದಿನೈದು ದಿನ ಕ್ಯಾಲೆಂಡರ್ ಓದಿದ್ದು, ಕಂಬ ಹಿಡಿದು ಕೂತದ್ದು, ಎಲ್ಲ ದಂಡ. ನಾನು ಮೊದಲೇ ಪಾರಾಗಿದ್ದೆ. ಆ ಸಮಾಧಾನದಲ್ಲಿ ಕಣ್ಣೊರೆಸಿಕೊಳ್ಳುವಾಗ ಸಂಶಯವೊಂದು ಬಂತು. ಕೇರಿಯಲ್ಲಿ ಅಷ್ಟು ಮನೆಗಳಿವೆ. ನಮ್ಮ ಮನೆಯವನೇ ಆಗಿದ್ದರೆ ಅಂತ ಆಯಿ ಯಾಕೆ ಸೇರಿಸಿದಳು? "ನಾನು ಅಂತ ನಿಂಗೆ ಗೊತ್ತಿತ್ತಾ?" ಅಂದೆ. "ಗೊತ್ತೆಂತ ಬಂತು? ಗೊತ್ತಿದ್ರೆ ಕಾಯಿ ಯಾಕೆ ಇಡ್ತಿದ್ದೆ, ಕೆನ್ನೆಗೆ ಎರಡು ಕೊಟ್ಟು ಮುಗಿಸ್ತಿದ್ದೆ" ಅಂದಳು. "ಮತ್ತೆ?" ಅಂದೆ. ಆಯಿ ಸೀರೆಯನ್ನು ಚೀಲಕ್ಕೆ ಹಾಕಿ, ನನ್ನ ದನಿ ಬಂದ ಕಡೆಗೆ ಮುಖ ಮಾಡಿ, "ತಮಾ, ನಿನ್ನ ಹೆತ್ತವಳು ನಾ ಅಲ್ವನಾ? ಯಾರಾದ್ರೂ ಗಟ್ಟಿಯಾಗಿ ಕೇಳಿದ್ರೆ ನೀ ಈ ಮನೆ ಬಾಗಿಲು ಬೇಕಾದ್ರೂ ಬಿಚ್ಚಿ ಕೊಡ್ತಿ. ಕೊಟ್ಟು ಬಂದು ಚಳಿಯಲ್ಲಿ ಕೂರ್ತಿ. ಅದಕ್ಕೇ ದೇವರ ಹತ್ರ ಮೊದಲೇ ಒಂದು ಮಾತು ಹೇಳಿಟ್ಟೆ" ಅಂದಳು. ಸುಬ್ರಾಯ ನಗಲಿಲ್ಲ. ಅವನು ನಕ್ಕಿದ್ದರೆ ಚೆನ್ನಾಗಿತ್ತು.

ಆ ಮಧ್ಯಾಹ್ನವೇ ಆಯಿ ಹೋಗಿ ಕಾಯಿ ಎತ್ತಿದಳು. ಡಬ್ಬಿಯನ್ನು ಸುಬ್ರಾಯ ತೆಗೆದುಕೊಂಡು ಹೋದ. ಮಾಸ್ತರರಿಗೂ ದೇವಕ್ಕನಿಗೂ ವಿಷಯ ತಿಳಿಸುವ ಕೆಲಸವನ್ನೂ ಅವನೇ ಮಾಡಿದ, ನಾನು ಆಗ ಕೋಣೆಯ ಬಾಗಿಲು ಹಾಕಿಕೊಂಡಿದ್ದೆ. ಇಬ್ಬರೂ ಮತ್ತೆ ಲೈನು ಎಳೆಸಿಕೊಂಡರು. ಮರುದಿನ ಹೊನ್ನಾವರದಲ್ಲಿ ಆಯಿಯ ಎಡಗಣ್ಣಿನ ಆಪರೇಷನ್ ಸುಸೂತ್ರವಾಗಿ ಆಯಿತು. ಅದರ ಮಾರನೇ ಬೆಳಿಗ್ಗೆ ಪಟ್ಟಿ ಬಿಚ್ಚುವಾಗ ಸುಬ್ರಾಯನೂ ಬಂದಿದ್ದ. ಡಾಕ್ಟರು ಮೆಲ್ಲಗೆ ಹತ್ತಿ ತೆಗೆದು, ಕಣ್ಣು ತೆರೆಯಿರಿ ಅಂದರು. ಆಯಿ ತೆರೆದಳು. ಕಿಟಕಿ ನೋಡಿದಳು, ಲಲಿತೆಯನ್ನು ನೋಡಿದಳು, ಆಮೇಲೆ ನನ್ನ ಮುಖದ ಮೇಲೆ ನಿಲ್ಲಿಸಿದ ಕಣ್ಣನ್ನು ತೆಗೆಯಲೇ ಇಲ್ಲ. "ಹೇಗದೆ ಆಯಿ, ಕಾಣ್ತದಾ?" ಅಂತ ಕೇಳಿದೆ.

"ಎಲ್ಲಾ ಕಾಣ್ತದೆ" ಅಂದಳು.

ನಾನು ಮೆಲ್ಲಗೆ ಸರಿದು ಸುಬ್ರಾಯನ ಹಿಂದೆ ನಿಂತೆ.